ಹಸಿರು ಪೊಟ್ಟಣ

"ಇದು ಕೆಟ್ಟಿಲ್ಲ ಕಣ್ರೀ ಲಿಯಾವ್, ಹಲುಬ್ತಾ ಇದೆ!" ಯೂನಿಕ್ಸ್ ಲ್ಯಾಪ್‌ಟಾಪಿನ ಕಪ್ಪು ಪರದೆಯಲ್ಲಿ ಸರಸರನೆ ಓಡುತ್ತಿದ್ದ ಸಾಲುಗಳನ್ನು ತೋರಿಸಿ, ರಿಪೇರಿಗೆ ಬಂದಿದ್ದ ಮೆಂಗ್‌ಚುನ್ ನಕ್ಕಳು. "ಮನೇಲಿಲ್ಲದ ಪ್ರಿಂಟರನ್ನ ಹಗಲೂ ರಾತ್ರಿ ಕೂಗ್ತಿದೆ. ಸಿಗಲಿಲ್ಲ, ಸಿಗಲಿಲ್ಲ ಅಂತ ಬರ್ಕೊಂಡೇ ಡಿಸ್ಕ್ ತುಂಬಿಸ್ಕೊಂಡಿದೆ. ಎಲ್ಲಿ ಹೋಯ್ತು ಆ ಪ್ರಿಂಟರು?"

"ಹೆಂಡತಿ ಹೋಗುವಾಗ ತಗೊಂಡು ಹೋದಳು," ಎಂದ ಲಿಯಾವ್. ತೈಪೆಯ ಆ ಮನೆಯೊಳಗೇ ಕೂತು ಅನುವಾದ ಮಾಡುವ ಅವನ ಜೊತೆ ಈ ವಾರ ಬಾಯ್ಬಿಟ್ಟು ಮಾತಾಡಿದವಳು ಇವಳೊಬ್ಬಳೇ.

ಮೆಂಗ್‌ಚುನ್ ಆ ಸಾಲುಗಳನ್ನೆಲ್ಲ ಅಳಿಸಿ, ಪ್ರಿಂಟರಿಗಾಗಿ ಅದು ನಡೆಸಿದ್ದ ಹುಡುಕಾಟವನ್ನೇ ನಿಲ್ಲಿಸಿದಳು. ಆಮೇಲೆ ಚೀಲದಿಂದ ಜೋಳದ ಕುರುಕಲಿನ ಹಸಿರು ಪೊಟ್ಟಣವೊಂದನ್ನು ತೆಗೆದು ಲ್ಯಾಪ್‌ಟಾಪಿನ ಪಕ್ಕ ಇಟ್ಟಳು. ಆ ಊರಿನ ಯಂತ್ರಗಳೆಲ್ಲ ಇಂಥದೊಂದು ಪೊಟ್ಟಣದ ಕಾವಲಲ್ಲೇ ತೆಪ್ಪಗೆ ಕೆಲಸ ಮಾಡುತ್ತವೆಂದು ಅಲ್ಲಿನವರ ನಂಬಿಕೆ. "ಇದಿರೋವರೆಗೂ ಹಟ ಮಾಡಲ್ಲ. ತಿಂದೀರಿ ಜೋಕೆ, ಲ್ಯಾಪ್‌ಟಾಪ್ ನಾಳೆನೇ ಕೆಡುತ್ತೆ! ಇನ್ನು ನನ್ನ ಕಾಟ ನಿಮಗಿಲ್ಲ ಬಿಡಿ."

ಮೆಟ್ಟಿಲಿಳಿಯುವ ಅವಳ ಹೆಜ್ಜೆಸದ್ದು ಅಡಗುವವರೆಗೂ ಲಿಯಾವ್ ಬಾಗಿಲಲ್ಲೇ ನಿಂತಿದ್ದ. ಒಳಗೆ ಲ್ಯಾಪ್‌ಟಾಪ್ ಯಾವ ತಕರಾರೂ ಇಲ್ಲದೆ ನಡೆಯುತ್ತಿತ್ತು. ಅವನು ಅದರ ಮುಂದೆ ಕೂತು, ಪೊಟ್ಟಣ ಹರಿದು, ಒಂದೊಂದೇ ಕುರುಕಲನ್ನು ಬಾಯಿಗೆ ಹಾಕಿಕೊಳ್ಳತೊಡಗಿದ.