ಸೀಲು ಒಡೆಯದ ಲಕೋಟೆ

"ಇದನ್ನ ಇದುವರೆಗೆ ಯಾರೂ ಬಿಚ್ಚೇ ಇಲ್ವಲ್ಲಮ್ಮಾ!" ಎನ್ನುತ್ತ ಭುಜದ ತಜ್ಞೆ ಸ್ಕ್ಯಾನಿನ ಲಕೋಟೆಗೆ ಕತ್ತರಿ ಹಾಕಿದರು. ಎಂಟು ತಿಂಗಳ ಹಿಂದೆ ಅಂಟಿಸಿದ್ದ ಕೆಂಪು ಸೀಲು ಗೋಡೆಗಳಿಗೆ ಬಣ್ಣ ಹೊಡೆಯುವ ಬಣ್ಣದಕ್ಕನ ಕಣ್ಣೆದುರೇ ಎರಡು ಹೋಳಾಯಿತು.

ತಜ್ಞೆ ಫಿಲ್ಮನ್ನು ಬೆಳಕಿಗೆ ಹಿಡಿದರು. "ಆಗ್ಲೇ ಸ್ನಾಯು ಅರ್ಧ ಹರಿದಿತ್ತು. ಅವತ್ತೇ ಬಂದಿದ್ರೆ ಸುಲಭವಾಗಿ ಹೊಲೀಬಹುದಿತ್ತು."

ಬಣ್ಣದಕ್ಕ ಪಕ್ಕದಲ್ಲಿದ್ದ ಅಣ್ಣನತ್ತ ತಿರುಗಿದಳು. ಅಂದು ಸ್ಕ್ಯಾನ್ ಆದಮೇಲೆ ಲಕೋಟೆಯನ್ನು ಡಾಕ್ಟರಿಗೆ ತೋರಿಸಲು ಒಯ್ದವನು ಅವನೇ. "ದೊಡ್ಡ ಡಾಕ್ಟ್ರಿಗೇ ತೋರಿಸ್ದೆ ಕಣೇ, ಬರೀ ಉಳುಕಂತೆ" ಎಂದು ಮರುದಿನವೇ ತನ್ನ ಗುತ್ತಿಗೆಯ ಗೋಡೆಗಳಿಗೆ ಬಣ್ಣ ಬಳಿಯಲು ಅವಳನ್ನು ಏಣಿ ಹತ್ತಿಸಿದವನೂ ಅವನೇ.

"ಅದೊಂದು ಕೆಲ್ಸ ಮುಗೀಲಿ ಅಂತ..." ಅಣ್ಣ ತಡವರಿಸಿದ.

ಅವಳು ಎತ್ತಲಾಗದ ಬಲಗೈಯನ್ನು ಮಡಿಲಲ್ಲೇ ಬಿಟ್ಟು, ಅವನ ಹೆಗಲಿನಲ್ಲಿದ್ದ ತನ್ನ ಚೀಲವನ್ನು ಎಡಗೈಯಿಂದ ಕಿತ್ತುಕೊಂಡಳು. "ನೀನು ಹೊರಗಿರು. ಡಾಕ್ಟ್ರು ಹೇಳೋದನ್ನ ಈ ಸಲ ನಾನೇ ಕೇಳಿಸ್ಕೊಳ್ತೀನಿ."