ಗುರುಲಿಂಗನ ಚೊಕ್ಕಟ ಕೈ

ರಿಪೇರಿ ಮುಗಿದ ಮರುದಿನವೇ ನಟ್ಟು ಸಡಿಲಾಗಿ ಎಣ್ಣೆಯೆಲ್ಲ ಸೋರಿ, ದೇವೀರಮ್ಮನ ಹಾಲಿನ ವ್ಯಾನಿನ ಇಂಜಿನ್ ದಾರಿಯಲ್ಲೇ ಸುಟ್ಟು ಜಾಮ್ ಆಯಿತು. ವ್ಯಾನು ಓಡದಿದ್ದರೆ ಡೇರಿಯವರು ನಾಳೆ ಬೇರೆಯವರನ್ನು ಗೊತ್ತುಮಾಡುತ್ತಾರೆ. ಅವಳು ನೇರ ರಿಪೇರಿ ಮಾಡಿದ್ದ ಗ್ಯಾರೇಜಿಗೆ ಬಂದು, ಎಲ್ಲರೂ ಮಾಡುವಂತೆ, ಮೊದಲು ತನ್ನ ಅಂಗೈ ತೋರಿಸಿದಳು. ಯಾವುದನ್ನು ಕೆಡಿಸಿದರೂ ಕೆಡಿಸಿದವರ ಅಂಗೈ ಕಪ್ಪಾಗುತ್ತದೆ. ಸರಿಮಾಡಿಕೊಡುವ ತನಕ ಆ ಕಪ್ಪು ಹೋಗುವುದಿಲ್ಲ. ಅವಳ ಅಂಗೈಯಲ್ಲಿ ಕಪ್ಪಿರಲಿಲ್ಲ.

ಮಾಲೀಕ ಗುರುಲಿಂಗನೂ ಕೈ ಚಾಚಿದ. ಹಸುಗೂಸಿನ ಕೈಯಂತಿತ್ತು.

“ನೋಡ್ಕೊಳಕ್ಕ. ನಂದೇನೂ ತಪ್ಪಿಲ್ಲ.”

“ಥೂ, ಇಷ್ಟು ವರ್ಷ ಸ್ಪ್ಯಾನರ್ ಹಿಡಿದೋನ ಕೈಯೇನೋ ಇದು? ನಟ್ಟು ಬಿಗಿ ಮಾಡಿದ್ದು ಯಾರು?”

“ನಮ್ಮವ್ವ. ಅವಳ ಕೈಗುಣ ಒಳ್ಳೇದು ಅಂತ ಎಲ್ಲಾ ಗಾಡಿಗೂ ಕೊನೇ ನಟ್ಟು ಅವಳ ಕೈಲೇ ಹಾಕಿಸ್ತೀನಿ,” ಎಂದು ಗುರುಲಿಂಗ ಹಲ್ಲು ಕಿರಿದ. “ನಷ್ಟ ಬೇಕಾದ್ರೆ ಅವಳನ್ನೇ ಕೇಳು.”

ಒಳಗಿನಿಂದ ಅವನ ತಾಯಿ ನಂಜವ್ವ ಬಂದು, ಸೆರಗಿನಡಿಯ ಕೈಯನ್ನು ಹೊರಗೆ ತೆಗೆದಳು. ಕೆಟ್ಟ ಗಾಡಿಗಳ ಕಪ್ಪೆಲ್ಲ ಸೇರಿ ಮೊಣಕೈ ದಾಟಿತ್ತು. ಆ ಕೈಯಲ್ಲಿ ಹೂವೇರಿಸಲು ಅಂಜಿ ಅವಳು ದೇವರ ಪೂಜೆಯನ್ನೇ ಬಿಟ್ಟಿದ್ದಳು.

“ಕೆಡಿಸಿದ್ದು ನನ್ನ ಕೈಯೇ ಕಣವ್ವ, ಕೊಡಬೇಕಾದೋಳೂ ನಾನೇ,” ಎಂದಳು. “ಈ ಗ್ಯಾರೇಜು ಇನ್ನೂ ನನ್ನ ಹೆಸರಲ್ಲೇ ಐತೆ. ಆ ಮೂಲೇಲಿರೋ ಹೊಸಾ ಇಂಜಿನ್ ನಿನ್ನದು.”

“ಅವ್ವಾ! ಅದು ನನ್ನ ವ್ಯಾನಿಗೆ ತರಿಸಿದ್ದು!”

ನಂಜವ್ವ ಮಗನ ಅಂಗೈಯನ್ನು ಎಂಜಲೆಲೆ ನೋಡುವಂತೆ ನೋಡಿದಳು.

“ನಿನ್ನ ಕೈ ಚೊಕ್ಕಟವಾಗೈತಲ್ಲಪ್ಪ, ನೀನೇ ಕೂರಿಸಿಕೊಡು,” ಎಂದು ಸ್ಪ್ಯಾನರನ್ನು ಅವನ ಕಾಲಬುಡಕ್ಕೆ ಎಸೆದಳು.