ಗಂಡಸಾಗಿ ಬಂದ ಮೂರನೆಯ ದಿನ

ಬೆಳಿಗ್ಗೆ 10.40ಕ್ಕೆ ಹ್ಯಾರಿಸನ್ ಪಟ್ಟಣದ ಕ್ಲಿನಿಕ್ಕಿನಲ್ಲಿ ಹತ್ತೊಂಬತ್ತರ ಲ್ವಾಜಿಗೆ 104 ಡಿಗ್ರಿ ಜ್ವರವಿತ್ತು. ದಕ್ಷಿಣ ಆಫ್ರಿಕಾದ ತಾತನ ಊರಲ್ಲಿ, ಗಂಡಸಾಗುವ ದೀಕ್ಷೆಗೆಂದು ಮುಂದೊಗಲು ಕತ್ತರಿಸಿಕೊಂಡು ಬಂದು ಮೂರು ದಿನವಾಗಿತ್ತು. ಗಾಯ ಕಪ್ಪಾಗಿತ್ತು.

“ಇವತ್ತೇ ಅಡ್ಮಿಟ್ ಆಗ್ಬೇಕು,” ಎಂದರು ಡಾಕ್ಟರ್ ಐಶ್ವರ್ಯಾ.

“ಈ ಗಾಯಕ್ಕೆ ಆಸ್ಪತ್ರೆ ಸೇರಿದವನನ್ನ ನಮ್ಮವರು ಗಂಡಸು ಅನ್ನಲ್ಲ.”

“ಅನ್ನಿಸ್ಕೊಳ್ಳೋಕೆ ನೀನು ಉಳೀಬೇಕಲ್ಲಪ್ಪ!”

ಜೊತೆಗಿದ್ದ ತಂದೆ ಥೆಂಬಾ ಮಗನ ಭುಜ ಹಿಡಿದ. “ಸೇರ್ಕೋ. ಯಾರಿಗೂ ಹೇಳಲ್ಲ.”

“ಚಿಕ್ಕಪ್ಪ ಸೇರಿದಾಗ ಊರಿಗೆಲ್ಲ ಹೇಳಿದ್ದು ನೀವೇ. ಈಗ್ಲೂ ಅವರನ್ನ ಹುಡುಗ ಅಂತೀರಿ.”

ತಂದೆಯ ಕೈ ಭುಜದಿಂದ ಜಾರಿತು. ಚಿಕಿತ್ಸೆ ಬೇಡವೆಂಬ ಫಾರ್ಮಿಗೆ ಸಹಿ ಹಾಕಿ, ಲ್ವಾಜಿ ಗೋಡೆ ಹಿಡಿದುಕೊಂಡು ಹೊರನಡೆದ.

ಮಧ್ಯಾಹ್ನ ಅವನ ರಕ್ತಪರೀಕ್ಷೆಯ ವರದಿ ಬಂತು: ನಂಜು ರಕ್ತಕ್ಕೇರಿತ್ತು. ಐಶ್ವರ್ಯಾ ಥೆಂಬಾಗೆ ಫೋನ್ ಮಾಡಿದರು. ಮಗನ ರೂಮಿನ ಬಾಗಿಲು ಒಳಗಿನಿಂದ ಹಾಕಿದೆ ಎಂದ ಆತ. ಒಂದು ಗಂಟೆ ಹೊತ್ತಿನಿಂದ ಕರೆಯುತ್ತಿದ್ದರೂ ಒಳಗಿನಿಂದ ಉತ್ತರವಿರಲಿಲ್ಲ.